ಇನ್ಸುಲಿನ್ ಡೋಸ್ ಏರಿಸುವ ಮೊದಲು ನಾನು ನೋಡಿಕೊಳ್ಳುವುದು

ಇನ್ಸುಲಿನ್ ತಪ್ಪದೆ ತೆಗೆದುಕೊಳ್ಳುತ್ತಿದ್ದರೂ ಶುಗರ್ ಒಂದು ದಿನ 110, ಮರುದಿನ 260 ಬಂದರೆ ನಾನು ಅನ್ನ, ಮುದ್ದೆಯ ಲೆಕ್ಕಕ್ಕೆ ಮೊದಲು ಸಿರಿಂಜು, ಬಾಟಲಿ, ಚುಚ್ಚುವ ಜಾಗ ನೋಡುತ್ತೇನೆ. ಡೋಸಿನ ಮಾತು ಆಮೇಲೆ, ಅದೂ ಡಾಕ್ಟರ ಹತ್ತಿರ.

ಜೀವಕ್ಕೇ ಕುತ್ತು ತರುವ ತಪ್ಪು ಆಗುವುದು ಸಿರಿಂಜಿನಲ್ಲಿ. ನಮ್ಮ ಮೆಡಿಕಲ್ ಶಾಪುಗಳಲ್ಲಿ ಒಂದು ಎಂ.ಎಲ್.ಗೆ 40 ಯೂನಿಟ್ ಇರುವ ಬಾಟಲಿಯೂ ಸಿಗುತ್ತದೆ, 100 ಯೂನಿಟ್ ಇರುವುದೂ ಸಿಗುತ್ತದೆ. 40ರ ಸಿರಿಂಜಿಗೆ ಕೆಂಪು ಮುಚ್ಚಳ, 100ರದ್ದಕ್ಕೆ ಕಿತ್ತಳೆ. 100ರ ಬಾಟಲಿಯಿಂದ ಕೆಂಪು ಮುಚ್ಚಳದ ಸಿರಿಂಜಿನಲ್ಲಿ 20ರ ಗೆರೆವರೆಗೆ ಎಳೆದರೆ ಒಳಗೆ ಹೋಗುವುದು 50 ಯೂನಿಟ್. ಉಲ್ಟಾ ಆದರೆ ಬರೀ 8. ಅದಕ್ಕೇ ಹೊಸ ಬಾಟಲಿ ಕೈಗೆ ಬಂದಾಗಲೆಲ್ಲ ಅದರ ಮೇಲಿನ ಅಂಕಿಯನ್ನೂ ಸಿರಿಂಜಿನ ಮೇಲಿನ ಅಂಕಿಯನ್ನೂ ಗಟ್ಟಿಯಾಗಿ ಓದಿ ಹೊಂದಿಸುತ್ತೇನೆ. ಇನ್ಸುಲಿನ್ ಪೆನ್ನಿನ ಕಾರ್ಟ್ರಿಜ್‌ನಿಂದ, ಅಂದರೆ ಅದರೊಳಗಿನ ಔಷಧಿ ಕೊಳವೆಯಿಂದ, ಸಿರಿಂಜಿಗೆ ಔಷಧಿ ಎಳೆಯುವುದಂತೂ ಬೇಡವೇ ಬೇಡ.

ತೆರೆಯದ ಬಾಟಲಿಗೆ 2ರಿಂದ 8 ಡಿಗ್ರಿ ಬೇಕು. ಫ್ರಿಜ್ಜಿನ ಬಾಗಿಲಿನ ಅರೆ ಸರಿಹೋಗುತ್ತದೆ. ಒಮ್ಮೆ ಹೆಪ್ಪುಗಟ್ಟಿದ ಇನ್ಸುಲಿನ್ ಕರಗಿದ ಮೇಲೆ ನೋಡಲು ಚೆನ್ನಾಗಿಯೇ ಕಂಡರೂ ಎಸೆಯಬೇಕು. ಬಳಕೆಯಲ್ಲಿರುವುದನ್ನು ಹೊರಗೆ ತಂಪಾದ ಜಾಗದಲ್ಲಿಡಬಹುದು. ಹೆಚ್ಚಿನವು ನಾಲ್ಕು ವಾರ ಬಾಳುತ್ತವೆ, ಆದರೆ ಒಳಗಿನ ಚೀಟಿ ಹೇಳಿದ್ದೇ ಅಂತಿಮ. ತೆರೆದ ತಾರೀಖನ್ನು ಬಾಟಲಿಯ ಮೇಲೆ ಬರೆದುಬಿಡಿ. ರಾಯಚೂರು, ಕಲಬುರಗಿಯ ಬೇಸಿಗೆಯಲ್ಲಿ ಫ್ರಿಜ್ ಇಲ್ಲದಿದ್ದರೆ ದೊಡ್ಡ ಮಣ್ಣಿನ ಮಡಕೆಯೊಳಗೆ ಚಿಕ್ಕದನ್ನಿಟ್ಟು, ನಡುವೆ ಒದ್ದೆ ಮರಳು ತುಂಬಿ, ಬಾಟಲಿಯನ್ನು ಪ್ಲಾಸ್ಟಿಕ್ ಡಬ್ಬಿಯಲ್ಲಿ ಹಾಕಿ ಚಿಕ್ಕ ಮಡಕೆಯಲ್ಲಿಡುವುದು ಒಳ್ಳೆಯ ಉಪಾಯ.

ಬೇಗ ಕೆಲಸ ಮಾಡುವುದೂ ನಿಧಾನವಾಗಿ ಕೆಲಸ ಮಾಡುವುದೂ ಬೆರೆತ 30/70ರಂಥ ಹಾಲಿನ ಬಣ್ಣದ ಇನ್ಸುಲಿನ್ ತಳಕ್ಕೆ ಇಳಿದಿರುತ್ತದೆ. ಅಂಗೈಗಳ ನಡುವೆ ಹತ್ತು ಸಲ ಹೊರಳಿಸಿ, ಹತ್ತು ಸಲ ತಲೆಕೆಳಗು ಮಾಡಿ ಪೂರ್ತಿ ಬೆರೆಸುತ್ತೇನೆ. ಕುಲುಕುವುದಿಲ್ಲ, ಗುಳ್ಳೆ ಏಳುತ್ತದೆ. ಹೀಗೆ ಬೆರೆಸದಿದ್ದರೆ ಒಂದು ದಿನ ತಿಳಿ, ಇನ್ನೊಂದು ದಿನ ಗಸಿ ಒಳಗೆ ಹೋದಂತೆ. ಪೆನ್ನಾದರೆ ಮೊದಲು 2 ಯೂನಿಟ್ ಗಾಳಿಗೆ ಬಿಟ್ಟು ಸೂಜಿಯ ತುದಿಯಲ್ಲಿ ಹನಿ ಬಂತೇ ಅಂತ ನೋಡಬೇಕು. ಚುಚ್ಚಿ ಒತ್ತಿದ ಮೇಲೆ ಹತ್ತರವರೆಗೆ ಎಣಿಸಿಯೇ ಸೂಜಿ ತೆಗೆಯುವುದು. 4 ಮಿ.ಮೀ. ಸೂಜಿಯನ್ನು ನೆಟ್ಟಗೆ ಚುಚ್ಚಿದರೆ ಸಾಕು.

ಇನ್ನು ಚುಚ್ಚುವ ಜಾಗ. ಎಷ್ಟೋ ಜನರ ಶುಗರ್ ಕೈಗೆ ಸಿಗದಿರುವುದು ಇದರಿಂದಲೇ ಎಂಬುದು ನನ್ನ ಖಚಿತ ಅಭಿಪ್ರಾಯ. ದಿನಾ ಒಂದೇ ಕಡೆ ಚುಚ್ಚಿದರೆ ಚರ್ಮದಡಿಯ ಕೊಬ್ಬು ಊದಿ ಗಂಟಾಗುತ್ತದೆ. ಅಲ್ಲಿ ನೋವು ಕಡಿಮೆ, ಹಾಗಾಗಿ ಕೈ ಮತ್ತೆ ಮತ್ತೆ ಅಲ್ಲಿಗೇ ಹೋಗುತ್ತದೆ. ಗಂಟಿನಿಂದ ಇನ್ಸುಲಿನ್ ರಕ್ತಕ್ಕೆ ಒಂದು ದಿನ ಬೇಗ, ಒಂದು ದಿನ ತಡವಾಗಿ ಇಳಿಯುತ್ತದೆ. ಸೋಪು ಹಚ್ಚಿದ ಒದ್ದೆ ಬೆರಳಿನಿಂದ ಹೊಟ್ಟೆಯನ್ನು ಸವರಿದರೆ ಕಣ್ಣಿಗೆ ಕಾಣದ ಗಂಟೂ ಸಿಗುತ್ತದೆ. ತಿಂಗಳಿಗೊಮ್ಮೆ ಸ್ನಾನದಲ್ಲಿ ಹೀಗೆ ನೋಡಿಕೊಳ್ಳುತ್ತೇನೆ. ಹೊಕ್ಕುಳಿನ ಸುತ್ತ ಎರಡು ಬೆರಳು ಬಿಟ್ಟು, ಹೊಟ್ಟೆಯನ್ನು ನಾಲ್ಕು ಭಾಗ ಮಾಡಿ ವಾರಕ್ಕೊಂದು ಭಾಗ, ಹಿಂದಿನ ಚುಚ್ಚಿಗೂ ಹೊಸದಕ್ಕೂ ಒಂದು ಬೆರಳಿನಗಲ ಅಂತರ. ಮೊಂಡಾದ ಸೂಜಿ ಗಂಟಿಗೆ ದಾರಿ, ಪ್ರತಿ ಸಲ ಹೊಸದು ಹಾಕುವುದೇ ಸರಿ.

ಗಂಟು ಬಿಟ್ಟು ಒಳ್ಳೆಯ ಜಾಗಕ್ಕೆ ಬಂದಾಗ ಎಚ್ಚರ ಬೇಕು. ಅದೇ ಡೋಸ್ ಈಗ ಪೂರ್ತಿ ಕೆಲಸ ಮಾಡಿ ಶುಗರ್ ಕುಸಿಯಬಹುದು. ಆದ್ದರಿಂದ ಜಾಗ ಬದಲಿಸುವ ಮೊದಲೇ ಡೋಸ್ ಇಳಿಸಬೇಕೇ ಅಂತ ಡಾಕ್ಟರನ್ನು ಕೇಳಿ, ಆ ದಿನಗಳಲ್ಲಿ ಗ್ಲುಕೋಮೀಟರಿನಲ್ಲಿ ಹೆಚ್ಚು ಸಲ ನೋಡಿಕೊಳ್ಳಿ. ಬೆವರು, ನಡುಕ ಬಂದು 70ಕ್ಕಿಂತ ಕೆಳಗೆ ತೋರಿಸಿದರೆ ಮೂರು ಟೀ ಚಮಚ ಸಕ್ಕರೆ ನೀರಿನಲ್ಲಿ ಕದಡಿ ಕುಡಿದು, 15 ನಿಮಿಷ ಬಿಟ್ಟು ಮತ್ತೆ ನೋಡಬೇಕು. ಏರದಿದ್ದರೆ ಇನ್ನೊಮ್ಮೆ ಅಷ್ಟೇ. ಎಚ್ಚರ ತಪ್ಪಿದವರ ಬಾಯಿಗೆ ಏನನ್ನೂ ಹಾಕದೆ ನೇರ ಆಸ್ಪತ್ರೆಗೆ.