ಕತ್ತಾಳೆ ನಾರು ಕೊನೆಗೂ ರಾಳವನ್ನು ಕಚ್ಚಿ ಹಿಡಿಯಿತು

ಕತ್ತಾಳೆ ನಾರಿಗೆ ಎಪಾಕ್ಸಿ ರಾಳ (ಆರಿದ ಮೇಲೆ ಗಟ್ಟಿಯಾಗುವ ಅಂಟು) ಸೇರಿಸಿ ನಾನು ಮಾಡಿದ ಮೊದಲ ಹಲಗೆ, ಎಳೆದು ನೋಡುವ ಪರೀಕ್ಷೆಯಲ್ಲಿ ಬಹಳ ಬೇಗ ಮುರಿಯಿತು. ನಾರು ಸಾಲಲಿಲ್ಲವೇನೋ ಎಂದುಕೊಂಡು ಎರಡನೆಯದಕ್ಕೆ ಇನ್ನಷ್ಟು ತುಂಬಿದೆ. ಅದು ಇನ್ನೂ ಬೇಗ ಮುರಿಯಿತು.

ಮುರಿದ ಅಂಚನ್ನು ಭೂತಗನ್ನಡಿಯಲ್ಲಿ ನೋಡಿದಾಗ ಕಾರಣ ಕಣ್ಣಿಗೆ ಬಿತ್ತು. ಹೆಚ್ಚಿನ ನಾರುಗಳು ತುಂಡಾಗಿರಲೇ ಇಲ್ಲ. ಉದ್ದುದ್ದ ಚಾಚಿಕೊಂಡಿದ್ದ ಅವುಗಳ ಮೈಗೆ ರಾಳದ ಒಂದು ಚೂರೂ ಅಂಟಿರಲಿಲ್ಲ. ಎದುರಿನ ತುಂಡಿನಲ್ಲಿ ಅವು ಕಳಚಿ ಬಂದ ನುಣುಪಾದ ತೂತುಗಳಿದ್ದವು. ಹಿಡಿತವೇ ಇಲ್ಲದ ಮೇಲೆ ನಾರು ಎಷ್ಟು ಗಟ್ಟಿಯಿದ್ದರೇನು?

ಸಸ್ಯನಾರಿನ ಹೊರಮೈಯಲ್ಲಿ ಮೇಣ, ಪೆಕ್ಟಿನ್ ಎಂಬ ಜಿಗುಟು ಪದಾರ್ಥ ಇರುತ್ತವೆ; ರಾಳ ನಾರಿಗೆ ಅಂಟದಂತೆ ಇವು ತಡೆಯುತ್ತವೆ. ಒಳಗಿನ ಹೆಮಿಸೆಲ್ಯುಲೋಸ್ ಎಂಬ ಘಟಕ ನೀರನ್ನು ಹೀರುತ್ತದೆ. ಇವನ್ನು ತೆಗೆಯಲು ಕಾಸ್ಟಿಕ್ ಸೋಡಾ ಬಳಸಿದೆ. 95 ಗ್ರಾಂ ನೀರಿಗೆ 5 ಗ್ರಾಂ ಸೋಡಾ. ಸೋಡಾವನ್ನೇ ನೀರಿಗೆ ಸ್ವಲ್ಪ ಸ್ವಲ್ಪವಾಗಿ ಹಾಕಬೇಕು, ಸೋಡಾದ ಮೇಲೆ ನೀರು ಸುರಿಯಲೇಬಾರದು; ಕೈಗವಸು, ಕನ್ನಡಕ ಇಲ್ಲದೆ ಮುಟ್ಟಲೂಬಾರದು. ನಾಲ್ಕು ಗಂಟೆ ನೆನೆಸುವಷ್ಟರಲ್ಲಿ ದ್ರಾವಣ ಹಳದಿಗೆ ತಿರುಗಿತ್ತು. ಮತ್ತೆ ಮತ್ತೆ ತೊಳೆದು, ಕೊನೆಯ ನೀರಿಗೆ ಕೆಲವು ಹನಿ ಅಸಿಟಿಕ್ ಆಮ್ಲ ಬೆರೆಸಿ, ಕ್ಷಾರ ಉಳಿದಿಲ್ಲವೆಂದು ಲಿಟ್ಮಸ್ ಕಾಗದದಿಂದ ಖಚಿತಪಡಿಸಿಕೊಂಡೆ. ಒಮ್ಮೆ ಆಸೆಯಿಂದ ಸೋಡಾ ಇಮ್ಮಡಿ ಮಾಡಿ ರಾತ್ರಿಯಿಡೀ ನೆನೆಸಿದ್ದೆ. ಬೆಳಿಗ್ಗೆ ನಾರು ಬೆರಳುಗಳ ನಡುವೆಯೇ ಮುರಿಯುತ್ತಿತ್ತು. ಬಲ ಕೊಡುವ ಸೆಲ್ಯುಲೋಸಿಗೇ ಪೆಟ್ಟು ಬಿದ್ದಿತ್ತು.

ಒಣಗಿಸುವುದನ್ನು ಹಲವರು ಲಘುವಾಗಿ ಕಾಣುತ್ತಾರೆ. ನನ್ನ ಮಟ್ಟಿಗೆ ಇಡೀ ಕೆಲಸದ ಜೀವಾಳ ಅದೇ. ಕೈಗೆ ಒಣಗಿದಂತೆ ತೋರುವ ನಾರಿನಲ್ಲೂ ತೇವ ಅಡಗಿರುತ್ತದೆ. ಅದು ಗುಳ್ಳೆಗಳಿಗೆ ಎಡೆಮಾಡುತ್ತದೆ, ಹಿಡಿತವನ್ನೂ ಸಡಿಲಿಸುತ್ತದೆ. ಹಾಗಾಗಿ ಓವನ್‌ನಲ್ಲಿ 80 ಡಿಗ್ರಿ ಸೆಲ್ಸಿಯಸ್‌ನಲ್ಲಿಟ್ಟು, ಆಗಾಗ ತೂಗಿ, ತೂಕ ಇಳಿಯುವುದು ನಿಂತ ಮೇಲೆಯೇ ಹೊರತೆಗೆಯುತ್ತೇನೆ. ತಡಮಾಡದೆ ಅಚ್ಚಿಗೆ ಹಾಕುತ್ತೇನೆ, ಏಕೆಂದರೆ ಗಾಳಿಯ ತೇವವನ್ನು ಅದು ಮತ್ತೆ ಹೀರಲು ತೊಡಗುತ್ತದೆ. ಎಳೆಗಳನ್ನು ಬಾಚಿ ಎಳೆತದ ದಿಕ್ಕಿಗೇ ಮಲಗಿಸುತ್ತೇನೆ.

ಹೀಗೆ ಮಾಡಿದ ಹಲಗೆ ಮೊದಲಿನೆರಡಕ್ಕಿಂತ ಹೆಚ್ಚು ಭಾರ ತಡೆಯಿತು. ಮುರಿದಾಗ ಹೊರಚಾಚಿದ ನಾರುಗಳು ಗಿಡ್ಡವಾಗಿದ್ದವು, ತುದಿ ಸೀಳಿತ್ತು, ಮೈತುಂಬ ರಾಳ ಮೆತ್ತಿತ್ತು. ಆ ಅಂಚನ್ನು ಎಷ್ಟು ಹೊತ್ತು ನೋಡುತ್ತಾ ಕುಳಿತೆನೋ! ಆದರೆ ನೀರಿನಲ್ಲಿಟ್ಟ ತುಂಡುಗಳು ಕತ್ತರಿಸಿದ ಅಂಚಿನಿಂದ ಇನ್ನೂ ಉಬ್ಬುತ್ತಿವೆ. ಸದ್ಯಕ್ಕೆ ಅಂಚಿಗೆ ರಾಳ ಬಳಿಯುತ್ತಿದ್ದೇನೆ. ಮುಂದಿನ ಕಂತಿನ ನಾರಿಗೆ, ನಾರು-ರಾಳಗಳನ್ನು ಬೆಸೆಯುವ ಸಿಲೇನ್ ಎಂಬ ರಾಸಾಯನಿಕದ ಲೇಪ ಕೊಟ್ಟು ನೋಡಬೇಕು.