ಹಾಯಿದೋಣಿಯ ಬ್ಯಾಟರಿ: ವೋಲ್ಟ್ ಬಿಟ್ಟು ಆಂಪಿಯರ್ ಎಣಿಸಿದ ಅನುಭವ

ನನ್ನ 32 ಅಡಿಯ ಹಾಯಿದೋಣಿಯಲ್ಲಿ ನೀರು ಹಾಕುವ ಸಾದಾ ಡೀಪ್ ಸೈಕಲ್ (ಹೆಚ್ಚು ಹೊತ್ತು ನಿಧಾನವಾಗಿ ಕರೆಂಟು ಕೊಡುವ) ಬ್ಯಾಟರಿಗಳು ಎರಡಿವೆ. ತಲಾ 100 ಎಎಚ್ (ಆಂಪಿಯರ್-ಗಂಟೆ: ಒಂದು ಆಂಪಿಯರ್ ಒಂದು ಗಂಟೆ ಹರಿದರೆ ಒಂದು ಎಎಚ್), ಪ್ಯಾರಲಲ್ ಜೋಡಣೆ. ದೋಣಿ ವಾಲಿದಾಗ ಕದಲದಂತೆ ಪಟ್ಟಿ ಬಿಗಿದ ಪ್ಲಾಸ್ಟಿಕ್ ಪೆಟ್ಟಿಗೆಯಲ್ಲಿ ಕೂತಿವೆ. ಎಂಜಿನ್ ಸ್ಟಾರ್ಟ್ ಮಾಡಲು ಬೇರೆಯದೇ ಬ್ಯಾಟರಿ. ಚಾರ್ಜ್ ಆಗುವುದು 160 ವಾಟ್ ಸೋಲಾರ್ ಪ್ಯಾನೆಲ್‌ನಿಂದ, ಎಂಜಿನ್ ಓಡಿದಾಗ ಆಲ್ಟರ್ನೇಟರ್‌ನಿಂದ. ಕಾರವಾರ–ಕೊಚ್ಚಿ ನಡುವಿನ ಕರಾವಳಿಗೆ ಇಷ್ಟು ಸಾಕು, ಆದರೆ ಧಾರಾಳವೇನೂ ಇಲ್ಲ.

ಹನ್ನೆರಡು ಗಂಟೆಯ ರಾತ್ರಿ ಪಯಣದ ಖರ್ಚು ಹೀಗೆ: ಆಟೋಪೈಲಟ್ ಸರಾಸರಿ 3 ಆಂಪಿಯರ್‌ನಂತೆ 36 ಎಎಚ್. ನಕ್ಷೆ ತೋರಿಸುವ ಚಾರ್ಟ್‌ಪ್ಲಾಟರ್ 14. ವಿಎಚ್ಎಫ್ ರೇಡಿಯೋ ಸುಮ್ಮನೆ ಕೇಳುತ್ತಿದ್ದರೂ 5. ಎಐಎಸ್ (ಸುತ್ತಲಿನ ಹಡಗುಗಳನ್ನು ಗುರುತಿಸುವ ಸಾಧನ) ಮತ್ತು ಎಲ್ಇಡಿ ದೀಪಗಳು ತಲಾ 4ರ ಒಳಗೆ. ಫ್ರಿಜ್ ಓಡುವಾಗ 4.5 ಆಂಪಿಯರ್ ಎಳೆಯುತ್ತದೆ. ನಮ್ಮ ಸೆಕೆಗೆ ಗಂಟೆಯಲ್ಲಿ 35 ನಿಮಿಷಕ್ಕೂ ಹೆಚ್ಚು ಓಡುವುದರಿಂದ ಅದೊಂದೇ 32 ತಿನ್ನುತ್ತದೆ. ಒಟ್ಟು ಹತ್ತಿರಹತ್ತಿರ 95. ಲೆಡ್ ಆ್ಯಸಿಡ್ ಬ್ಯಾಟರಿಯನ್ನು ಅರ್ಧಕ್ಕಿಂತ ಕೆಳಗೆ ಇಳಿಸಬಾರದು ಎಂಬ ಲೆಕ್ಕದಲ್ಲಿ 200ರಲ್ಲಿ ಬಳಸಲು ಸಿಗುವುದೇ 100. ಅಂದರೆ ಐದು ಎಎಚ್ ಅಂತರದಲ್ಲಿ ಬೆಳಗಾಗಬೇಕು.

ಈ ಅಂತರವನ್ನು ವೋಲ್ಟ್‌ಮೀಟರ್ ತೋರಿಸಲಾರದು. ತುಂಬಿದ ಬ್ಯಾಟರಿ 12.7 ವೋಲ್ಟ್, ಅರ್ಧಕ್ಕೆ 12.2, ಕಾಲು ಭಾಗಕ್ಕೆ 12.0. ಅದೂ ನಾಲ್ಕೈದು ಗಂಟೆ ಏನನ್ನೂ ಹಾಕದೆ, ಏನನ್ನೂ ತೆಗೆಯದೆ ಬಿಟ್ಟಾಗ ಮಾತ್ರ. ಓಡುವ ದೋಣಿಯಲ್ಲಿ ಅಂಥ ನಾಲ್ಕು ಗಂಟೆ ಎಲ್ಲಿಂದ ಬರಬೇಕು? ಫ್ರಿಜ್‌ನ ಕಂಪ್ರೆಸರ್ ಶುರುವಾದರೆ ವೋಲ್ಟೇಜ್ ಜಗ್ಗುತ್ತದೆ, ಬಿಸಿಲು ಬಿದ್ದರೆ ಏರುತ್ತದೆ. ಚಾರ್ಜರ್ ತೆಗೆದ ಮೇಲೂ ಪ್ಲೇಟುಗಳ ಮೇಲ್ಮೈ ಚಾರ್ಜ್‌ನಿಂದಾಗಿ 13ರ ಆಸುಪಾಸು ತೋರಿಸುತ್ತ ಮೋಸ ಮಾಡುತ್ತದೆ. ಸ್ವಿಚ್ ಪ್ಯಾನೆಲ್‌ನ ಮೀಟರಂತೂ ಉದ್ದ ತಂತಿಯಲ್ಲಿ ಕಳೆದುಹೋದ ವೋಲ್ಟನ್ನೂ ಬ್ಯಾಟರಿಯ ತಲೆಗೇ ಕಟ್ಟುತ್ತದೆ.

ಹಾಗಾಗಿ ಶಂಟ್ ಹಾಕಿದೆ, ಅಂದರೆ ತನ್ನ ಮೂಲಕ ಹರಿಯುವ ಕರೆಂಟನ್ನು ಮೀಟರಿಗೆ ಅಳೆಯಲು ಕೊಡುವ ಲೋಹದ ತುಂಡು. ಮೀಟರ್ ವಿಕ್ಟ್ರಾನ್ ಬಿಎಂವಿ-712, ಜೊತೆಗೆ ಬರುವ 500 ಆಂಪಿಯರ್/50 ಮಿಲಿವೋಲ್ಟ್ ಶಂಟ್. ಇದು ಅಂಗಡಿಯ ಗಲ್ಲಾದಲ್ಲಿ ಕೂತ ಗುಮಾಸ್ತನಿದ್ದಂತೆ: ಎಷ್ಟು ಬಂತು, ಎಷ್ಟು ಹೋಯಿತು ಬರೆದಿಡುತ್ತಾನೆ, ಅಷ್ಟೇ. ಹಿಂಬಾಗಿಲಲ್ಲಿ ಹೋದ ಮಾಲು ಅವನಿಗೆ ಗೊತ್ತಾಗದು. ಶಂಟ್ ಅಳವಡಿಕೆಯಲ್ಲಿ ಆಗುವ ತಪ್ಪುಗಳಲ್ಲಿ ಹಲವು ಈ ಹಿಂಬಾಗಿಲಿನವೇ.

ಶಂಟ್‌ನ ಬ್ಯಾಟರಿ ಬದಿಯ ಬೋಲ್ಟಿಗೆ ಒಂದೇ ಒಂದು ಕೇಬಲ್: ಬ್ಯಾಟರಿಯ ನೆಗೆಟಿವ್. ಉಳಿದ ಎಲ್ಲ ನೆಗೆಟಿವ್‌ಗಳೂ ಇನ್ನೊಂದು ಬದಿಗೆ, ಬಸ್‌ಬಾರ್ (ಹಲವು ತಂತಿಗಳನ್ನು ಒಟ್ಟಿಗೆ ಜೋಡಿಸುವ ಲೋಹದ ಪಟ್ಟಿ) ಮೂಲಕ. ತಪ್ಪಿಸಿಕೊಳ್ಳುವುದು ಸಾಮಾನ್ಯವಾಗಿ ಮೂರು ತಂತಿಗಳು. ಒಂದು, ದೋಣಿಯ ತಳದ ನೀರು ಎತ್ತುವ ಬಿಲ್ಜ್ ಪಂಪಿನದು. ಮೇನ್ ಸ್ವಿಚ್ ಆರಿಸಿದರೂ ಓಡಲೆಂದು ಅದನ್ನು ನೇರ ಬ್ಯಾಟರಿಗೆ ಕೊಟ್ಟಿರುತ್ತಾರೆ. ಪಾಸಿಟಿವ್ ಹಾಗೆಯೇ ಇರಲಿ, ಆದರೆ ನೆಗೆಟಿವ್ ಶಂಟ್ ದಾಟಿಯೇ ಬರಬೇಕು. ಎರಡು, ಸೋಲಾರ್ ಕಂಟ್ರೋಲರಿನದು. ಇದು ತಪ್ಪಿದರೆ ಹಗಲಿಡೀ ಬಂದದ್ದು ಜಮೆಯೇ ಆಗುವುದಿಲ್ಲ, ಮೀಟರ್ ದಿನದಿಂದ ದಿನಕ್ಕೆ ಕೆಳಗಿಳಿಯುತ್ತಲೇ ಹೋಗುತ್ತದೆ. ಮೂರು, ಎಂಜಿನ್ ಬ್ಲಾಕಿನ ದಪ್ಪ ಕೇಬಲ್, ಆಲ್ಟರ್ನೇಟರ್ ಕರೆಂಟು ಹಿಂತಿರುಗುವ ದಾರಿ. ಮೀಟರಿಗೆ ವಿದ್ಯುತ್ ಕೊಡುವ ಸಣ್ಣ ಕೆಂಪು ತಂತಿಯ ಫ್ಯೂಸ್ ಬ್ಯಾಟರಿಗೆ ಹತ್ತಿರದಲ್ಲೇ ಇರಲಿ.

ಪರೀಕ್ಷಿಸಲು ಕಾರಿನ 21 ವಾಟ್ ಇಂಡಿಕೇಟರ್ ಬಲ್ಬು ಸಾಕು. ರಾತ್ರಿ ಎಲ್ಲ ಆರಿಸಿ ಅದೊಂದನ್ನೇ ಬಸ್‌ಬಾರ್‌ಗೆ ಹಚ್ಚಿ: ಮೀಟರ್ 1.7 ಆಂಪಿಯರ್ ಆಸುಪಾಸು ತೋರಿಸಬೇಕು. ಆಮೇಲೆ ಪಂಪು, ಫ್ರಿಜ್, ರೇಡಿಯೋ ಒಂದೊಂದಾಗಿ ಚಾಲೂ ಮಾಡಿ. ಯಾವುದಕ್ಕೆ ಅಂಕಿ ಅಲ್ಲಾಡುವುದಿಲ್ಲವೋ ಅದರ ನೆಗೆಟಿವ್ ಹಿಂಬಾಗಿಲಲ್ಲಿದೆ.

ಇನ್ನು ಸೆಟ್ಟಿಂಗ್. ಸಾಮರ್ಥ್ಯ, ಪಾಯ್ಕರ್ಟ್ ಅಂಕಿ 1.25, ಚಾರ್ಜ್ ದಕ್ಷತೆ 90 ಶೇಕಡ (ಹಳೆಯ ಬ್ಯಾಟರಿಗೆ 85) ಎಂದು ಬರೆದುಕೊಂಡರೆ ಮುಗಿಯಿತು. ಪಾಯ್ಕರ್ಟ್ ಅಂದರೆ, ನಿಧಾನವಾಗಿ 5 ಆಂಪಿಯರ್ ಎಳೆದರೆ 100 ಎಎಚ್ ಕೊಡುವ ಬ್ಯಾಟರಿ 25 ಆಂಪಿಯರ್ ಎಳೆದರೆ ಸುಮಾರು 67 ಮಾತ್ರ ಕೊಡುತ್ತದೆ ಎಂಬ ಲೆಕ್ಕ. ತಲೆ ಕೆಡಿಸಿಕೊಳ್ಳಬೇಕಾದದ್ದು ಅದರಲ್ಲಲ್ಲ, 'ತುಂಬಿತು' ಎಂದು ಮೀಟರ್ ಯಾವಾಗ ನಿರ್ಧರಿಸಬೇಕು ಎಂಬುದರಲ್ಲಿ.

ವೋಲ್ಟೇಜ್ ಒಂದು ಮಟ್ಟಕ್ಕಿಂತ ಮೇಲಿದ್ದು, ಒಳಹೋಗುವ ಕರೆಂಟು ಒಂದು ಮಟ್ಟಕ್ಕಿಂತ ಇಳಿದು, ಕೆಲವು ನಿಮಿಷ ಹಾಗೇ ನಿಂತರೆ ಮೀಟರ್ ತನ್ನ ಲೆಕ್ಕವನ್ನು 100ಕ್ಕೆ ತರುತ್ತದೆ. ಕಾರ್ಖಾನೆಯಿಂದ ಬರುವ ಮೌಲ್ಯ 13.2 ವೋಲ್ಟ್, ಸಾಮರ್ಥ್ಯದ 4 ಶೇಕಡ, 3 ನಿಮಿಷ. ದಡದ ಚಾರ್ಜರ್‌ಗೆ ಇದು ಸರಿ. ಸೋಲಾರ್ ಇದ್ದಾಗ ಒಂದು ಮೋಡ ಅಡ್ಡ ಬಂದರೆ ಸಾಕು: ಕರೆಂಟು 8 ಆಂಪಿಯರ್‌ನಿಂದ 2ಕ್ಕೆ ಬೀಳುತ್ತದೆ, ವೋಲ್ಟೇಜ್ 13.3ರಲ್ಲಿ ನಿಂತಿರುತ್ತದೆ, 70ರಲ್ಲಿದ್ದ ಬ್ಯಾಟರಿಯನ್ನು ಮೀಟರ್ 100 ಎಂದು ಸಾರಿಬಿಡುತ್ತದೆ. ಅಬ್ಸಾರ್ಪ್ಶನ್ ವೋಲ್ಟೇಜಿಗಿಂತ (ಬ್ಯಾಟರಿ ತುಂಬುತ್ತ ಬಂದಾಗ ಚಾರ್ಜರ್ ಹಿಡಿದಿಡುವ ಗರಿಷ್ಠ ವೋಲ್ಟೇಜ್) 0.2 ಕಡಿಮೆ ಇಡಿ ಎಂಬ ಸಲಹೆ ಎಲ್ಲೆಡೆ ಸಿಗುತ್ತದೆ, 14.4 ಇದ್ದರೆ 14.2. ನಮ್ಮ ಕಡೆ ಇದೂ ಕೈಕೊಡುತ್ತದೆ. ಬ್ಯಾಟರಿ ಪೆಟ್ಟಿಗೆಯೊಳಗೆ ಮಧ್ಯಾಹ್ನ 38 ಡಿಗ್ರಿ. ತಾಪಮಾನಕ್ಕೆ ಹೊಂದಿಕೊಳ್ಳುವ ಕಂಟ್ರೋಲರ್ 25 ಡಿಗ್ರಿ ಮೀರಿದ ಪ್ರತಿ ಡಿಗ್ರಿಗೆ 16ರಿಂದ 24 ಮಿಲಿವೋಲ್ಟ್ ಇಳಿಸುವುದರಿಂದ 14.4 ಎಂಬುದು 14.1–14.2 ಆಗಿರುತ್ತದೆ. ಮೀಟರ್ 14.2ಕ್ಕೆ ಕಾದು ಕೂತರೆ ಎಂದೂ 100ಕ್ಕೆ ಬಂದು ಹೊಸ ಲೆಕ್ಕ ಶುರುಮಾಡದು. ನಾನು ಇಟ್ಟಿರುವುದು 13.8 ವೋಲ್ಟ್, 2 ಶೇಕಡ, 10 ನಿಮಿಷ. ತೆಳು ಮೋಡದ ದಿನ ಆಗಲೂ ಒಮ್ಮೊಮ್ಮೆ ಬೇಗ 100 ಹೇಳುತ್ತದೆ. ಅಂಥ ದಿನ ಅದನ್ನು ನಂಬುವುದಿಲ್ಲ.

ಎಂಜಿನನ್ನು ಒಂದು ಗಂಟೆ ಓಡಿಸಿದರೆ ತುಂಬುವುದಿಲ್ಲ. 80ರವರೆಗೆ ಬೇಗ ಏರುತ್ತದೆ, ಕೊನೆಯ 20ಕ್ಕೆ ಎಷ್ಟೇ ದೊಡ್ಡ ಆಲ್ಟರ್ನೇಟರ್ ಇದ್ದರೂ ನಾಲ್ಕೈದು ಗಂಟೆ ಬೇಕೇ ಬೇಕು. ಪೂರ್ತಿ ತುಂಬದೆ ವಾರ ಕಳೆದರೆ ಗುಮಾಸ್ತನ ಸಣ್ಣಪುಟ್ಟ ತಪ್ಪುಗಳೆಲ್ಲ ಸೇರಿ ಹತ್ತು ಹದಿನೈದು ಶೇಕಡ ಆಗಿಬಿಡುತ್ತವೆ. ಅದಕ್ಕೇ ವಾರಕ್ಕೊಮ್ಮೆ ಮರೀನಾದ ಕರೆಂಟಿಗೆ ಹಾಕಿ ಇಡೀ ರಾತ್ರಿ ಬಿಡುತ್ತೇನೆ.

ಸಾಮರ್ಥ್ಯದ ಅಂಕಿಯೂ ಶಾಶ್ವತವಲ್ಲ. ವರ್ಷಕ್ಕೊಮ್ಮೆ, ಪೂರ್ತಿ ತುಂಬಿಸಿ, ಎರಡೂ ಬ್ಯಾಟರಿ ಬಿಡಿಸಿ, ಒಂದೊಂದಕ್ಕೂ ಕಾರಿನ ಎಚ್4 ಹೆಡ್‌ಲೈಟ್ ಬಲ್ಬಿನ 60 ವಾಟ್ ಫಿಲಮೆಂಟನ್ನು ಹಚ್ಚುತ್ತೇನೆ. ಅದು ಎಳೆಯುವುದು 5 ಆಂಪಿಯರ್‌ಗೆ ತುಸು ಕಡಿಮೆ. 100 ಎಎಚ್‌ನ 20 ಗಂಟೆಯ ದರಕ್ಕೆ (20 ಗಂಟೆಯಲ್ಲಿ ಖಾಲಿಯಾಗುವಂತೆ ಎಳೆಯುವುದು) ಹೇಳಿ ಮಾಡಿಸಿದ ಲೋಡು. ಬಲ್ಬು ಕೈ ಸುಡುವಷ್ಟು ಕಾಯುತ್ತದೆ, ಲೋಹದ ತಟ್ಟೆಯ ಮೇಲಿರಲಿ. ವೋಲ್ಟೇಜ್ 10.5 ಮುಟ್ಟಿದ ಕೂಡಲೇ ನಿಲ್ಲಿಸಿ, ತಕ್ಷಣ ಚಾರ್ಜಿಗೆ. 4.7 ಆಂಪಿಯರ್‌ನಂತೆ 17 ಗಂಟೆ ಉರಿದರೆ ಆ ಬ್ಯಾಟರಿಯಲ್ಲಿರುವುದು 80. ಎರಡೂ ಹಾಗೇ ಇದ್ದರೆ ಮೀಟರಿಗೆ 160 ಎಂದೇ ಹೇಳಬೇಕು, ಮೈಮೇಲೆ ಏನು ಬರೆದಿದ್ದರೂ. 60ಕ್ಕಿಂತ ಕಡಿಮೆಯಾದರೆ ಎರಡನ್ನೂ ಒಟ್ಟಿಗೇ ಬದಲಾಯಿಸುತ್ತೇನೆ. ಹೊಸದರ ಜೊತೆ ಹಳೆಯದನ್ನು ಕಟ್ಟಿದರೆ ಹಳೆಯದು ಹೊಸದನ್ನೂ ಎಳೆದುಕೊಂಡು ಹೋಗುತ್ತದೆ.

ಎರಡರ ನಡುವಿನ ಜಗಳ ಶಂಟ್‌ಗೆ ಕಾಣದು, ಅದು ನೋಡುವುದು ಒಟ್ಟು ಮೊತ್ತವನ್ನು. ಪಾಸಿಟಿವ್ ಒಂದರಿಂದ, ನೆಗೆಟಿವ್ ಇನ್ನೊಂದರಿಂದ ಕರ್ಣವಾಗಿ ತೆಗೆದು, 10 ಆಂಪಿಯರ್ ಲೋಡ್ ಹಾಕಿ, ತಂತಿಯ ಸುತ್ತ ಕಚ್ಚಿಸಿ ಕರೆಂಟು ಅಳೆಯುವ ಕ್ಲ್ಯಾಂಪ್ ಮೀಟರಿನಲ್ಲಿ ಒಂದೊಂದರ ಪಾಲು ನೋಡಬೇಕು. 5–5 ಇರಬೇಕಾದಲ್ಲಿ 7–3 ಬಂದರೆ ಮೊದಲು ಲಗ್‌ಗಳನ್ನು (ಕೇಬಲ್ ತುದಿಯ ಲೋಹದ ಕಿವಿಗಳು) ತೆಗೆದು ಹಸಿರು ಕಿಲುಬು ಉಜ್ಜಿ, ಬಿಗಿಮಾಡಿ, ವ್ಯಾಸಲೀನ್ ಹಚ್ಚಿ. ಕ್ಲ್ಯಾಂಪ್ ಮೀಟರ್ ಕೊಳ್ಳುವಾಗ ಡಿಸಿ ಕರೆಂಟು ಅಳೆಯುತ್ತದೆಯೇ ಎಂದು ನೋಡಿ. ಅಗ್ಗದ್ದರಲ್ಲಿ ಹೆಚ್ಚಿನವು ಎಸಿಗೆ ಮಾತ್ರ.

ಕೊನೆಯ ತೀರ್ಪು ಬ್ಯಾಟರಿಯ ಆ್ಯಸಿಡ್‌ನ ಸಾಂದ್ರತೆ ಅಳೆಯುವ ಹೈಡ್ರೋಮೀಟರಿನದು. ಬಿಸಿ ಪ್ರದೇಶಕ್ಕೆಂದು ತಯಾರಾದ ಬ್ಯಾಟರಿಗಳು ತುಂಬಿದಾಗಲೂ 1.240ರ ಸುತ್ತ ತೋರಿಸಬಹುದು, ಆದ್ದರಿಂದ ಹೊಸದಾಗಿದ್ದಾಗ ತುಂಬಿದ ಅಂಕಿಯನ್ನು ಮುಚ್ಚಳದ ಮೇಲೆಯೇ ಬರೆದಿಡಿ. 27 ಡಿಗ್ರಿಗಿಂತ ಪ್ರತಿ 10 ಡಿಗ್ರಿ ಹೆಚ್ಚಿಗೆ 0.007 ಸೇರಿಸಿ. ಡಿಸ್ಟಿಲ್ಡ್ ವಾಟರ್ ಹಾಕಿದ ಕೂಡಲೇ ಅಳೆದರೆ ಮೇಲಿನ ನೀರಿನ ಅಂಕಿ ಬರುತ್ತದೆ. ಗುಳ್ಳೆ ಏಳುವವರೆಗೆ ಚಾರ್ಜ್ ಮಾಡಿದ ಮೇಲೆಯೇ ಅಳೆಯಬೇಕು. ಆರು ಕೋಶಗಳಲ್ಲಿ ಒಂದು ಉಳಿದವಕ್ಕಿಂತ 0.050 ಕೆಳಗಿದ್ದರೆ ಆ ಬ್ಯಾಟರಿ ಹೋದಂತೆಯೇ.

ಜೂನ್‌ನಿಂದ ಮಳೆಗಾಲಕ್ಕೆ ದೋಣಿ ದಡಕ್ಕೆ ಏರುತ್ತದೆ. ಬ್ಯಾಟರಿ ತನ್ನಷ್ಟಕ್ಕೇ ಸೋರುವುದು ಶಂಟ್ ದಾಟಿ ಹೋಗುವುದಿಲ್ಲವಾದ್ದರಿಂದ ಮೀಟರ್ ಮೂರು ತಿಂಗಳಾದರೂ 100 ಎಂದೇ ತೋರಿಸುತ್ತ ಕೂತಿರಬಹುದು. ಸೆಪ್ಟೆಂಬರ್‌ನಲ್ಲಿ ದೋಣಿ ಮತ್ತೆ ನೀರಿಗಿಳಿಸುವ ಮುನ್ನ ಒಂದು ರಾತ್ರಿ ಚಾರ್ಜ್, ಬೆಳಿಗ್ಗೆ ಹೈಡ್ರೋಮೀಟರ್, ಆಮೇಲೆ ಮೀಟರನ್ನು ಕೈಯಾರೆ 100ಕ್ಕೆ ಒತ್ತುವುದು.