ರ‍್ಯಾಕ್ ಬಿಚ್ಚುವ ಮೊದಲು ಚಕ್ರ ಅಲ್ಲಾಡಿಸಿ ನೋಡಿ

ಗುಂಡಿ ರಸ್ತೆಗೆ ಇಳಿದರೆ ಕಾರಿನ ಮುಂದಿನಿಂದ ಕಟಕಟ ಸದ್ದು. ಸ್ಟಿಯರಿಂಗ್ ಎರಡು ಬೆರಳಿನಷ್ಟು ತಿರುಗಿಸಿದರೂ ಚಕ್ರಕ್ಕೆ ಸುದ್ದಿಯೇ ಮುಟ್ಟುವುದಿಲ್ಲ. ಹಳೇ ಮಾರುತಿ 800 ಇಟ್ಟುಕೊಂಡವರಿಗೆ ಇದು ಪರಿಚಯದ ಕಾಯಿಲೆ. ‘ರ‍್ಯಾಕ್ ಹೋಗಿದೆ ಸಾರ್’ ಎಂಬ ಮಾತು ನಂಬಿ (ಸ್ಟಿಯರಿಂಗ್ ತಿರುವನ್ನು ಚಕ್ರಕ್ಕೆ ಮುಟ್ಟಿಸುವ ಹಲ್ಲಿನ ಸರಳೇ ರ‍್ಯಾಕ್) ನಾನೂ ಒಮ್ಮೆ ಹೊಸ ರ‍್ಯಾಕ್ ತಂದು ಹಾಕಿದೆ. ಸದ್ದು ಹಾಗೇ ಇತ್ತು! ಸವೆದಿದ್ದದ್ದು ಚಕ್ರವನ್ನು ಕೆಳಗಿನಿಂದ ಹಿಡಿಯುವ ಎಡಗಡೆಯ ಲೋವರ್ ಆರ್ಮ್‌ನ ಬಾಲ್ ಜಾಯಿಂಟ್.

ಹಾಗಾಗಿ ಮೊದಲು ಪರೀಕ್ಷೆ. ಮುಂದಿನ ಚಕ್ರ ಎತ್ತಿ, ಗಡಿಯಾರದ 3 ಮತ್ತು 9 ಇರುವ ಜಾಗದಲ್ಲಿ ಹಿಡಿದು ಅಲ್ಲಾಡಿಸಿ. ಪ್ಲೇ (ಸಡಿಲದ ಅಲ್ಲಾಟ) ಕಂಡರೆ, ರ‍್ಯಾಕ್ ತುದಿಯಿಂದ ಚಕ್ರಕ್ಕೆ ಹೋಗುವ ಟೈ ರಾಡ್ ಅಥವಾ ರ‍್ಯಾಕ್ ಮೇಲೆ ಅನುಮಾನ. 12 ಮತ್ತು 6ರಲ್ಲಿ ಹಿಡಿದಾಗಲೂ ಅಲ್ಲಾಡಿದರೆ ಬೇರಿಂಗ್ ಅಥವಾ ಬಾಲ್ ಜಾಯಿಂಟ್ ನೋಡಿ. ಆಮೇಲೆ ಕಾರನ್ನು ಕೆಳಗಿಳಿಸಿ, ಮನೆಯವರೊಬ್ಬರಿಗೆ ಸ್ಟಿಯರಿಂಗ್ ಆಚೀಚೆ ಆಡಿಸಲು ಹೇಳಿ. ನೀವು ಪಕ್ಕದಿಂದ ಕೈಹಾಕಿ, ಟೈ ರಾಡ್‌ಗೆ ಚಕ್ರದ ಕಡೆ ಇರುವ ಕೀಲು, ಅಂದರೆ ಟೈ ರಾಡ್ ಎಂಡ್ ಮೇಲೆ ಬೆರಳಿಡಿ. ರ‍್ಯಾಕ್ ತುದಿಯ ರಬ್ಬರ್ ಮುಸುಕು, ಅಂದರೆ ಬೂಟನ್ನು ಹಿಂಡಿ, ಒಳಗಿನ ಜಾಯಿಂಟ್ ಮುಟ್ಟಿ ನೋಡಿ. ಸವೆದ ಜಾಗದಲ್ಲಿ ಟಕ್ ಎನ್ನುವುದು ಬೆರಳಿಗೇ ಗೊತ್ತಾಗುತ್ತದೆ. ಬರೀ ಎಂಡ್ ಹೋಗಿದ್ದರೆ ಅದನ್ನಷ್ಟೇ ಬದಲಿಸಿ. ರ‍್ಯಾಕ್‌ನ ಅಡ್ಜಸ್ಟಿಂಗ್ ಸ್ಕ್ರೂ ಬಿಗಿ ಮಾಡಿ ಸುಮ್ನೆ ದಿನ ತಳ್ಳುವವರೂ ಇದ್ದಾರೆ. ಜಾಸ್ತಿ ಬಿಗಿಯಾದರೆ ತಿರುವು ಮುಗಿದ ಮೇಲೆ ಸ್ಟಿಯರಿಂಗ್ ತಾನಾಗಿ ವಾಪಸ್ ಬರುವುದಿಲ್ಲ. ಅದು ಇನ್ನೂ ಅಪಾಯ.

ರ‍್ಯಾಕೇ ಸವೆದಿದೆ ಎಂದು ಖಾತ್ರಿಯಾದರೆ ಅದನ್ನು ಬದಲಿಸುವುದು ಹೇಗೆ ಎಂದು ಮುಂದೆ ನೋಡೋಣ. ನಾನು ಹೇಳುತ್ತಿರುವುದು 800ಕ್ಕೆ ಮಾತ್ರ. 1983ರ ಡಿಸೆಂಬರ್‌ನಲ್ಲಿ ರಸ್ತೆಗಿಳಿದು 2014ರ ಜನವರಿಯಲ್ಲಿ ತಯಾರಿ ನಿಂತ ಈ ಕಾರಿಗೆ ಪವರ್ ಸ್ಟಿಯರಿಂಗ್ ಇಲ್ಲ, ಏರ್‌ಬ್ಯಾಗ್ ಇಲ್ಲ. ಬಿಚ್ಚಬೇಕಾದ ಆಯಿಲ್ ಪೈಪೂ ಇಲ್ಲ, ವೈರೂ ಇಲ್ಲ. ನಿಮ್ಮದು ಹೊಸ ಕಾರಾದರೆ ಈ ಕೆಲಸ ಗ್ಯಾರೇಜಿಗೇ ಬಿಡಿ.

ಬೆಂಗಳೂರಿನವರಿಗೆ ಬಿಡಿಭಾಗ ಜೆ.ಸಿ. ರಸ್ತೆಯಲ್ಲಿ ಸಿಗುತ್ತದೆ. ಹೋಗುವಾಗ ಕಾರಿನ ಮಾಡೆಲ್ ವರ್ಷ ಬರೆದುಕೊಂಡು ಹೋಗಿ. ಜೊತೆಗೆ ನಟ್ ಸಡಿಲವಾಗದಂತೆ ತೂರಿಸುವ ಹೊಸ ಸ್ಪ್ಲಿಟ್ ಪಿನ್ ತನ್ನಿ. ಹಳೆಯದನ್ನೇ ನೆಟ್ಟಗೆ ಮಾಡಿ ಮತ್ತೆ ಹಾಕುವ ಜಿಪುಣತನ ಇಲ್ಲಿ ಬೇಡ.

ಸಮತಟ್ಟಾದ ಜಾಗದಲ್ಲಿ ಕಾರು ನಿಲ್ಲಿಸಿ. ಹ್ಯಾಂಡ್‌ಬ್ರೇಕ್ ಎಳೆದು ಹಿಂದಿನ ಚಕ್ರಕ್ಕೆ ಅಡ್ಡ ಕೊಡಿ. ಮುಂದಿನ ಚಕ್ರಗಳ ನಟ್‌ಗಳನ್ನು ನೆಲದ ಮೇಲಿದ್ದಾಗಲೇ ಸ್ವಲ್ಪ ಸಡಿಲಿಸಿ. ಆಮೇಲೆ ಜಾಕ್ ಹಾಕಿ, ಎರಡೂ ಕಡೆ ಜಾಕ್ ಸ್ಟ್ಯಾಂಡ್ ಕೊಟ್ಟು ಚಕ್ರ ಬಿಚ್ಚಿ. ಸೈಜುಗಲ್ಲು, ಇಟ್ಟಿಗೆ, ಸಿಮೆಂಟ್ ಬ್ಲಾಕ್ ಯಾವುದೂ ಬೇಡ. ಬ್ಲಾಕ್ ಒಡೆಯುವ ಮುಂಚೆ ನಿಮಗೇನೂ ಹೇಳುವುದಿಲ್ಲ.

ಸ್ಟಿಯರಿಂಗ್ ನೆಟ್ಟಗಿಟ್ಟು, ತಿರುಗದ ಹಾಗೆ ಹಗ್ಗದಿಂದ ಸೀಟಿಗೆ ಕಟ್ಟಿ. ಸ್ಟಿಯರಿಂಗ್ ಶಾಫ್ಟಿನ ಜಾಯಿಂಟ್‌ಗೂ ರ‍್ಯಾಕ್‌ನ ಪಿನಿಯನ್‌ಗೂ (ರ‍್ಯಾಕನ್ನು ಆಚೀಚೆ ಸರಿಸುವ ಹಲ್ಲುಚಕ್ರದ ದಂಡ) ಸೇರುವಂತೆ ಬಿಳಿ ಪೇಂಟಿನಲ್ಲಿ ಒಂದು ಗೆರೆ ಎಳೆಯಿರಿ. ಈಗ ಟೈ ರಾಡ್ ಎಂಡ್‌ನ ಲಾಕ್‌ನಟ್ ಸ್ವಲ್ಪ ಸಡಿಲಿಸಿ. ಸ್ಪ್ಲಿಟ್ ಪಿನ್ ಎಳೆದು, ಅದು ಕೂರುವ ಕಚ್ಚುಗಳಿರುವ ಕ್ಯಾಸಲ್ ನಟ್ ಬಿಚ್ಚಿ. ಆದರೆ ನಟ್ಟನ್ನು ಪೂರ್ತಿ ತೆಗೆಯಬೇಡಿ, ಒಂದೆರಡು ಸುತ್ತು ಹಾಗೇ ಇರಲಿ. ಜಾಯಿಂಟನ್ನು ಒತ್ತಿ ಬಿಡಿಸುವ ಪುಲ್ಲರ್ ಇದ್ದರೆ ಸುಲಭ. ಇಲ್ಲದಿದ್ದರೆ ಎಂಡ್‌ನ ಬೋಲ್ಟಿನ ತಲೆಗೆ ಹೊಡೆಯದೆ, ಅದು ಕೂತಿರುವ ಸ್ಟಿಯರಿಂಗ್ ಆರ್ಮ್‌ನ ಕಿವಿಗೆ ಪಕ್ಕದಿಂದ ಸುತ್ತಿಗೆಯಲ್ಲಿ ಎರಡು ಗಟ್ಟಿ ಏಟು ಕೊಡಿ. ಟಪ್ ಎಂದು ಬಿಟ್ಟುಕೊಳ್ಳುತ್ತದೆ. ಆಮೇಲೆ ನಟ್ ತೆಗೆಯಿರಿ.

ಶಾಫ್ಟಿನ ಜಾಯಿಂಟ್‌ನಲ್ಲಿರುವ ಬೋಲ್ಟನ್ನು ಮಾತ್ರ ಪೂರ್ತಿ ಹೊರತೆಗೆಯಿರಿ. ಅದು ಪಿನಿಯನ್‌ನ ಕಚ್ಚಿನಲ್ಲಿ ಕೂತಿರುತ್ತದೆ, ಸಡಿಲ ಮಾಡಿದರೆ ಸಾಲದು. ರ‍್ಯಾಕ್ ಹಿಡಿದಿರುವ ಕ್ಲ್ಯಾಂಪ್‌ಗಳ ಬೋಲ್ಟ್ ತುಕ್ಕು ಹಿಡಿದಿದ್ದರೆ ಹಿಂದಿನ ರಾತ್ರಿಯೇ ಎಣ್ಣೆ ಬಿಟ್ಟಿರಬೇಕು. ಅವಸರ ಮಾಡಿ ಬೋಲ್ಟ್ ಮುರಿದರೆ ಭಾನುವಾರ ಪೂರ್ತಿ ಅದಕ್ಕೇ ಹೋಗುತ್ತದೆ, ನನಗೆ ಹೋಗಿದೆ. ಆಮೇಲೆ ಜಾಗ ಜಾಸ್ತಿ ಇರುವ ಕಡೆಯಿಂದ ರ‍್ಯಾಕ್ ಜಾರಿಸಿ ಹೊರತೆಗೆಯಿರಿ.

ಹಳೇ ರ‍್ಯಾಕ್ ಎಸೆಯಬೇಡಿ. ಹೊಸದರ ಪಕ್ಕ ನೆಲದ ಮೇಲಿಡಿ. ಎರಡರ ಪಿನಿಯನ್ನನ್ನೂ ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ತಿರುಗಿಸಿ ಸುತ್ತು ಎಣಿಸಿ. ಮೂರೂವರೆ ಸುತ್ತು ಬಂತು ಅಂದುಕೊಳ್ಳಿ, ಒಂದು ಮುಕ್ಕಾಲು ಸುತ್ತು ಹಿಂದಕ್ಕೆ ಬಂದರೆ ಅದೇ ನಡು. ಹಾಗೆ ನಡುವಿಗೆ ತಂದು, ಹಳೆಯದರಲ್ಲಿ ನಡುವಿನಿಂದ ಪ್ರತಿ ಎಂಡ್‌ವರೆಗೆ ಎಷ್ಟು ಉದ್ದವಿದೆಯೋ ಹೊಸದರಲ್ಲೂ ಅಷ್ಟೇ ಬರುವ ಹಾಗೆ ಎಂಡ್‌ಗಳನ್ನು ತಿರುಗಿಸಿ ಕೂರಿಸಿ. ಇಲ್ಲಿ ಕಾಲು ಗಂಟೆ ಜಾಸ್ತಿ ಕಳೆದರೂ ನಷ್ಟವಿಲ್ಲ. ನಡು ತಪ್ಪಿದರೆ ಕಾರು ಒಂದು ಕಡೆ ಜಾಸ್ತಿ, ಇನ್ನೊಂದು ಕಡೆ ಕಮ್ಮಿ ತಿರುಗುತ್ತದೆ.

ಕೂರಿಸುವುದು ಬಿಚ್ಚಿದ್ದರ ತಿರುಗುಮುರುಗು. ಹೊಸ ಪಿನಿಯನ್ ಮೇಲೂ ಹಳೆಯದರಂತೆ ಗೆರೆ ಎಳೆದು ಜಾಯಿಂಟ್‌ಗೆ ಹೊಂದಿಸಿ. ಬೋಲ್ಟ್‌ಗಳನ್ನು ಎಷ್ಟು ಬಿಗಿ ಮಾಡಬೇಕು ಎನ್ನುವುದು ಸರ್ವಿಸ್ ಮ್ಯಾನ್ಯುಯಲ್‌ನಲ್ಲಿದೆ, ಟಾರ್ಕ್ ರೆಂಚ್ ಬಳಸಿ. ಕ್ಯಾಸಲ್ ನಟ್‌ನ ಕಚ್ಚು ಪಿನ್ನಿನ ತೂತಿಗೆ ಸರಿಯಾಗಿ ಬರದಿದ್ದರೆ ಇನ್ನಷ್ಟು ಬಿಗಿ ಮಾಡಿ ಹೊಂದಿಸಿ. ಸಡಿಲಿಸಿ ಹೊಂದಿಸಬೇಡಿ.

ಸ್ಟಿಯರಿಂಗನ್ನು ಎರಡೂ ತುದಿಗೆ ತಿರುಗಿಸಿ, ಬ್ರೇಕ್ ಹೋಸ್ ಎಲ್ಲೂ ಎಳೆಯುತ್ತಿಲ್ಲ, ಬೂಟ್ ತಿರುಚಿಕೊಂಡಿಲ್ಲ ಎಂದು ನೋಡಿ. ಮೊದಲ ಓಟ ಖಾಲಿ ಮೈದಾನದಲ್ಲಿ, ಗಂಟೆಗೆ 20 ಕಿ.ಮೀ. ಮೀರದಂತೆ. ಅಲ್ಲಿಂದ ನೇರ ವೀಲ್ ಅಲೈನ್‌ಮೆಂಟ್‌ಗೆ. ಅಳತೆ ಎಷ್ಟೇ ಸರಿ ಇಟ್ಟಿದ್ದರೂ ಇದನ್ನು ಬಿಡುವ ಹಾಗಿಲ್ಲ, ಬಿಟ್ಟರೆ ಟೈರ್ ಒಂದು ಅಂಚಿನಲ್ಲಿ ಬೇಗ ಸವೆಯುತ್ತದೆ. ಸ್ಟಿಯರಿಂಗ್ ಸೊಟ್ಟ ಕೂತಿದ್ದರೆ ಅದನ್ನು ಟೈ ರಾಡ್‌ನಲ್ಲೇ ಸರಿಮಾಡಲು ಅಲ್ಲಿಯವರಿಗೆ ಹೇಳಿ. ಎಂಡ್‌ಗಳ ಲಾಕ್‌ನಟ್ ಕೊನೆಗೆ ಬಿಗಿಯಾಗುವುದೂ ಅಲ್ಲೇ, ಅವರು ಬಿಗಿ ಮಾಡಿದರಾ ಎಂದು ನೀವೇ ಬಗ್ಗಿ ನೋಡಿಕೊಂಡು ಹೊರಡಿ.